ತುಕ್ರನ ಬಾಯಿಗೆ ಬಾರದ ಹೆಸರು

ಬೈಕಂಪಾಡಿಯ ಗುಜರಿ ಯಾರ್ಡಿನಲ್ಲಿ ಮೂವತ್ತನಾಲ್ಕು ವರ್ಷ ಹಳೆ ಲಾರಿ, ಹಳೆ ಬಸ್ಸುಗಳನ್ನು ಬಡಿದು ತುಂಡು ಮಾಡಿದ ತುಕ್ರನಿಗೆ ಎರಡಕ್ಷರದ ಒಂದು ಹೆಸರು ಹೇಳಲು ಬಾಯಿ ಬರಲಿಲ್ಲವೆಂದರೆ ಯಾರೂ ನಂಬಲಿಕ್ಕಿಲ್ಲ. ಬಾಯಿ ಇಲ್ಲದವನಲ್ಲ ಅವನು. ಯಾರ್ಡಿನ ಗೇಟಿನಲ್ಲಿ ನಿಂತು ಬೈದರೆ ಹೆದ್ದಾರಿಯ ಆಚೆ ಬದಿಯ ಗೂಡಂಗಡಿಯವರೆಗೆ ಕೇಳುತ್ತಿತ್ತು. ತುಳು, ಬ್ಯಾರಿ, ಕನ್ನಡ, ಮೂರರಲ್ಲೂ ಬೈಗುಳ ಬಲ್ಲವನು. ಹೇಳದೆ ಉಳಿದದ್ದು ಹೆಂಡತಿಯ ಹೆಸರು ಒಂದೇ.

ಅವನ ಸ್ವಂತ ಹೆಸರಿನದ್ದು ದೊಡ್ಡ ಕಥೆಯೇನಿಲ್ಲ. ಶುಕ್ರವಾರ ಹುಟ್ಟಿದ, ತುಕ್ರ ಆದ. ಸೋಮವಾರ ಹುಟ್ಟಿದವನು ಸೋಮ, ಮಂಗಳವಾರದವನು ಅಂಗಾರ. ಕಂಡವರ ಗದ್ದೆಯಲ್ಲಿ ನೇಜಿ ನೆಡುವ ಮನೆಗಳಲ್ಲಿ ಹೆಸರು ಹುಡುಕುತ್ತ ಕೂರಲು ಯಾರಿಗೆ ಪುರುಸೊತ್ತಿತ್ತು? ಹೆಂಡತಿ ದೇಯಿ ಗುರುಪುರದ ಕಡೆಯವಳು. ಅವಳದ್ದು ಅಜ್ಜಿಯ ಅಜ್ಜಿಯಿಂದ ಇಳಿದು ಬಂದ ಹೆಸರು. ಆ ಕಾಲದಲ್ಲಿ ಓಣಿಗೊಬ್ಬಳು ದೇಯಿ ಇದ್ದಳು, ಈಗ ಇಡೀ ಮಂಗಳೂರಿನಲ್ಲಿ ಹುಡುಕಿದರೂ ತೊಟ್ಟಿಲಲ್ಲಿ ಮಲಗಿದ ದೇಯಿ ಒಬ್ಬಳೂ ಸಿಗಲಿಕ್ಕಿಲ್ಲ.

ಗಂಡನ ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆಂದು ದೇಯಿಗೆ ತಾಯಿ ಹೇಳಿ ಕಳಿಸಿದ್ದಳು. ಅದನ್ನು ಅವಳು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಳೆಂದರೆ, ಶುಕ್ರವಾರ ಎನ್ನುವ ಮಾತನ್ನೂ ಆಡುತ್ತಿರಲಿಲ್ಲ. 'ಗುರುವಾರದ ಮರುದಿನ ಸಂತೆಗೆ ಹೋಗುವ' ಎನ್ನುತ್ತಿದ್ದಳು. ಗಂಡಸರಿಗೆ ಅಂಥ ಕಟ್ಟಳೆ ಏನೂ ಇಲ್ಲ. ಆದರೆ ಹೆಂಡತಿಯನ್ನು ಹೆಸರು ಹಿಡಿದು ಕರೆಯುವವನನ್ನು ಅವಳ ಸೆರಗಿನಲ್ಲಿ ಬಿದ್ದವನೆಂದು ನಗುವ ಕಾಲ ಅದು. ತುಕ್ರನಿಗೆ 'ಏ' ಸಾಕಾಯಿತು. ಬೇರೆಯವರ ಎದುರು ಅವಳ ಸುದ್ದಿ ಬಂದರೆ 'ಮೋಳು' ಎನ್ನುತ್ತಿದ್ದ, 'ಇವಳು' ಎಂದು ಅರ್ಥ. ದೇಯಿಯ ಹೆಸರು ದಿನಕ್ಕೊಮ್ಮೆ ಕೇಳಿಬರುತ್ತಿದ್ದದ್ದು ಗೇರುಬೀಜದ ಫ್ಯಾಕ್ಟರಿಯಲ್ಲಿ ಹಾಜರಿ ಕರೆಯುವಾಗ ಮಾತ್ರ.

ಮದುವೆಯಾದ ಎಂಟನೇ ದಿನ ಮೊದಲ ಏಟು ಬಿತ್ತು. ಕಾರಣ ತುಕ್ರನಿಗೇ ಈಗ ನೆನಪಿಲ್ಲ, ಹೊಡೆಯುವವನಿಗೆ ಕಾರಣ ಯಾವತ್ತೂ ನೆನಪಿರುವುದಿಲ್ಲ. ಆಮೇಲೆ ಅದು ಹಲ್ಲುಜ್ಜುವಷ್ಟು ಮಾಮೂಲಾಯಿತು. ಬೆಳಿಗ್ಗೆಯಿಂದ ಸಂಜೆಯವರೆಗೆ ಎಂಟು ಕಿಲೋದ ಸುತ್ತಿಗೆಯಲ್ಲಿ ಕಬ್ಬಿಣ ಬಡಿದು, ಬಸ್ಸಿನಿಂದ ನಂತೂರಿನಲ್ಲಿ ಇಳಿದು, ಗುಡ್ಡದ ಬದಿಯ ಎರಡು ಕೋಣೆಯ ಮನೆಗೆ ಬಂದರೆ ಕೈ ಇನ್ನೂ ಬಡಿಯುವ ಲಯದಲ್ಲೇ ಇರುತ್ತಿತ್ತು. ಒಮ್ಮೆ ಎಡಗೆನ್ನೆಗೆ ಹೊಡೆದ ಏಟಿಗೆ ದೇಯಿಯ ಎಡಕಿವಿಯಿಂದ ರಕ್ತ ಬಂತು. ಮೂರು ದಿನ ಹತ್ತಿ ಇಟ್ಟುಕೊಂಡು ಕೆಲಸಕ್ಕೆ ಹೋದಳು. ನಾಲ್ಕನೇ ದಿನದಿಂದ ಆ ಕಿವಿ ಕೇಳಲೇ ಇಲ್ಲ.

ನೆರೆಹೊರೆಯವರಿಗೆ ಎಲ್ಲ ಕೇಳುತ್ತಿತ್ತು, ಅವರ ಕಿವಿ ಸರಿಯಾಗಿಯೇ ಇತ್ತು. 'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂದು ಹೇಳಿ ಬಾಗಿಲು ಎಳೆದುಕೊಂಡರು. ಆ ಗಾದೆ ಕಟ್ಟಿದವನ ಬೆನ್ನಿಗೆ ಒಂದೇ ಒಂದು ಸಲ ಸೌದೆಯ ಕೊಳ್ಳಿ ಬಿದ್ದಿದ್ದರೆ ಗಾದೆ ಬೇರೆ ಥರ ಇರುತ್ತಿತ್ತು.

ಅವರಿಗೆ ವಿನಿತಾ ಒಬ್ಬಳೇ ಮಗಳು. ಎರಡನೆಯದೊಂದು ಇತ್ತು. ಏಳು ತಿಂಗಳ ಬಸುರಿಗೆ ತುಕ್ರನ ಕಾಲು ಬಿತ್ತು. ಗಂಡು ಮಗು, ಉಸಿರಿಲ್ಲದೆ ಹುಟ್ಟಿತು. ಐದು ವರ್ಷದ ವಿನಿತಾ ಅಡುಗೆಕೋಣೆಯ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದಳು. ಮಗುವನ್ನು ಹುಗಿದು ಬಂದ ತುಕ್ರ ಆ ದಿನ ಅತ್ತದ್ದು ಸುಳ್ಳಲ್ಲ. ಎದೆ ಎದೆ ಬಡಿದುಕೊಂಡು ಅತ್ತ. ಒಂದು ತಿಂಗಳು ಕೈ ಎತ್ತಲಿಲ್ಲ. ಒಂದು ತಿಂಗಳು ಮಾತ್ರ.

ಯಾರ್ಡಿನಲ್ಲಿ ಅವನಿಗೆ ಬೆಲೆ ಇತ್ತು. ಅದನ್ನೂ ಹೇಳದಿದ್ದರೆ ಮೋಸವಾಗುತ್ತದೆ. ಬಸ್ಸಿನ ಅಸ್ಥಿಪಂಜರವೊಂದು ಜಾರಿ ಜೊತೆಯ ಕೆಲಸಗಾರನ ಮೇಲೆ ಬಿದ್ದಾಗ ಕ್ರೇನಿಗೆ ಕಾಯದೆ ಹೆಗಲು ಕೊಟ್ಟು ಎತ್ತಿದವನು ತುಕ್ರ. ಆ ಕೆಲಸಗಾರನ ದವಡೆಯನ್ನು ಮುಂದಿನ ವರ್ಷ ಒಡೆದವನೂ ಅವನೇ. ಯಾರ್ಡಿನ ಸಾಹುಕಾರ ಅಬೂಬಕ್ಕರ್ ಇಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದು, 'ನಿನ್ನ ಕೈಯನ್ನು ಅಲ್ಲಾಹು ಕಬ್ಬಿಣಕ್ಕೆ ಅಂತ ಮಾಡಿದ್ದು ಮಾರಾಯ, ಮನುಷ್ಯರಿಗೆ ಅಲ್ಲ' ಎಂದಿದ್ದರು. ತುಕ್ರ ಅದನ್ನು ಹೊಗಳಿಕೆ ಎಂದುಕೊಂಡ.

ಮೂರು ವರ್ಷದ ಹಿಂದೆ ಒಂದು ಭಾನುವಾರ ಮಧ್ಯಾಹ್ನ ದೇಯಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ತುಕ್ರ ಒಳಗಿನಿಂದ 'ಏ' ಎಂದು ಕರೆದ. ತಿರುಗಲಿಲ್ಲ. ಮತ್ತೆ ಕರೆದ. ತಿರುಗಲಿಲ್ಲ. ಎಡಕಿವಿ ಅವನ ಕಡೆಗಿತ್ತು, ಹೇಗೆ ತಿರುಗುತ್ತಾಳೆ? ಕಿವಿ ಕೆಡಿಸಿದವನೂ ಅವನೇ, ಕೇಳಲಿಲ್ಲವೆಂದು ಸಿಟ್ಟಾದವನೂ ಅವನೇ. ಹೋಗಿ ಕುತ್ತಿಗೆಯ ಹಿಂದೆ ಕೈಯಿಟ್ಟು ತಳ್ಳಿದ. ಅವಳ ಹಣೆ ಒಗೆಯುವ ಕಲ್ಲಿನ ಅಂಚಿಗೆ ಬಡಿಯಿತು. ಸೋಪಿನ ನೊರೆ ಕೆಂಪಾಯಿತು.

ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವಾಗ ಕಿಟಕಿಯವನು ಕೇಳಿದ, 'ಪೇಶೆಂಟಿನ ಹೆಸರು?'

'ನನ್ನ ಹೆಂಡತಿ' ಎಂದ ತುಕ್ರ.

'ಹೆಂಡತಿ ಅಂತ ಹೆಸರು ಉಂಟಾ? ಹೆಸರು ಹೇಳಿ ಮಾರಾಯ್ರೆ.'

ತುಕ್ರ ಕಿಟಕಿಯ ಸರಳು ಹಿಡಿದು ನಿಂತ. ಸಂಕಟದಿಂದ ಗಂಟಲು ಕಟ್ಟಿತೆಂದು ಸಾಲಿನಲ್ಲಿ ನಿಂತವರು ಮರುಗಿದರು. ಓಡಿ ಬಂದ ವಿನಿತಾ ಹಿಂದಿನಿಂದ ಹೇಳಿದಳು, 'ದೇಯಿ. ನನ್ನ ಅಮ್ಮ.'

ಮಾರನೆಯ ದಿನ ಪೊಲೀಸಿನವಳೊಬ್ಬಳು ಹಾಸಿಗೆಯ ಪಕ್ಕ ಕುರ್ಚಿ ಹಾಕಿ ಕೂತು ಮೆಲ್ಲಗೆ ಕೇಳಿದಳು, 'ಯಾರು ಅಮ್ಮ ಮಾಡಿದ್ದು? ಹೆದರಬೇಡಿ. ಹೆಸರು ಒಂದು ಹೇಳಿ ಸಾಕು.' ದೇಯಿಗೆ ಆಗ ಎಚ್ಚರವಿತ್ತು. ಬಾಗಿಲಲ್ಲಿ ನಿಂತ ಗಂಡನನ್ನು ನೋಡಿದಳು, ಮಗಳನ್ನು ನೋಡಿದಳು. ತುಟಿ ಒತ್ತಿ ಹಿಡಿದಳು. ಮೂವತ್ತು ವರ್ಷ ಯಾವ ಹೆಸರು ಹೇಳಿ ಅವನ ಆಯುಷ್ಯ ಕಡಿಮೆ ಮಾಡಲಿಲ್ಲವೋ, ಅದನ್ನು ಆಗಲೂ ಹೇಳಲಿಲ್ಲ. 'ಅಪ್ಪನೇ ಮಾಡಿದ್ದು' ಎಂದು ವಿನಿತಾ ಕಿರುಚಿದಳು. 'ನೀವು ನೋಡಿದ್ದಾ?' ಎಂದು ಪೊಲೀಸಿನವಳು ಕೇಳಿದಳು. ವಿನಿತಾ ಆ ಹೊತ್ತಿಗೆ ಪಂಪ್‌ವೆಲ್‌ನ ಗಂಡನ ಮನೆಯಲ್ಲಿದ್ದವಳು. ಜಾರಿ ಬಿದ್ದದ್ದೆಂದು ಬರೆದುಕೊಂಡು ಹೋದರು. ಒಂಬತ್ತನೇ ದಿನ ದೇಯಿ ತೀರಿಕೊಂಡಳು.

ಉತ್ತರಕ್ರಿಯೆಯ ಬೊಜ್ಜದ ಊಟವಾಗಿ ಜನ ಹೋದ ಮೇಲೆ ವಿನಿತಾ ಅಪ್ಪನ ಎದುರು ಬಂದು ನಿಂತಳು. 'ಇನ್ನು ನನ್ನ ಮನೆಯ ಮೆಟ್ಟಿಲು ಹತ್ತಬೇಡಿ' ಎಂದಳು. ಅಷ್ಟೇ. ಮೂರು ವರ್ಷ ಫೋನೂ ಇಲ್ಲ. ತುಕ್ರ ತಾನೇ ಗಂಜಿ ಬೇಯಿಸಿಕೊಂಡ, ತಾನೇ ಬಟ್ಟೆ ಒಗೆದುಕೊಂಡ, ಅದೇ ಕಲ್ಲಿನಲ್ಲಿ. ಬೇರೆ ಕಲ್ಲು ತರಬೇಕೆಂದು ಅವನಿಗೆ ಹೊಳೆಯಲಿಲ್ಲ. ಅಂಥ ಮನುಷ್ಯ.

ಹಾಗಿರುವಾಗ ಹೋದ ತಿಂಗಳು ಅಳಿಯ ಮುಖೇಶ ಯಾರ್ಡಿಗೆ ಬಂದ. ಪಂಪ್‌ವೆಲ್‌ನಲ್ಲಿ ಬೈಕ್ ರಿಪೇರಿ ಮಾಡುವವನು, ಸಾಧು. ಫೋನು ತೆಗೆದು ಒಂದು ಫೋಟೋ ತೋರಿಸಿದ. ಬಿಳಿ ಬಟ್ಟೆಯಲ್ಲಿ ಸುತ್ತಿದ ಹೆಣ್ಣು ಕೂಸು, ಕಣ್ಣು ಮುಚ್ಚಿಕೊಂಡಿತ್ತು, ಗಲ್ಲ ಸ್ವಲ್ಪ ಮುಂದೆ. ಆ ಗಲ್ಲ ಯಾರದ್ದೆಂದು ತುಕ್ರನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಎಣ್ಣೆ ಹಿಡಿದ ಬೆರಳನ್ನು ಅಂಗಿಗೆ ಒರೆಸಿ ಫೋನಿನ ಗಾಜನ್ನು ಮುಟ್ಟಿದ. ಫೋಟೋ ಸರಿದುಹೋಗಿ ಯಾವುದೋ ಬೈಕಿನ ಇಂಜಿನ್ ಬಂತು. 'ಇನ್ನೊಮ್ಮೆ ತೋರಿಸು' ಎಂದ. ಅವನ ಸ್ವರ ಅಷ್ಟು ಮೆತ್ತಗೆ ಕೇಳಿದ್ದು ಮುಖೇಶನಿಗೆ ಅದೇ ಮೊದಲು.

'ಮಾವ, ಹದಿನೈದು ದಿವಸ ಬಿಟ್ಟು ಭಾನುವಾರ ಹೆಸರಿಡುವ ಕಾರ್ಯಕ್ರಮ ಉಂಟು. ವಿನಿತಾ ನಿಮ್ಮನ್ನು ಬರ್ಲಿಕ್ಕೆ ಹೇಳಿದ್ದಾಳೆ.'

ತುಕ್ರನ ಕೈಯಿಂದ ಸುತ್ತಿಗೆ ಕೆಳಗಿಳಿಯಿತು.

'ಒಂದು ಮಾತುಂಟು' ಎಂದು ಮುಖೇಶ ತಲೆ ತಗ್ಗಿಸಿದ. 'ಹೆಸರು ಕಿವಿಯಲ್ಲಿ ಹೇಳಬೇಕಾದ್ದು ಮಗುವಿನ ಸೋದರಮಾವ ಅಲ್ವಾ. ನಮ್ಮ ಮಗುವಿಗೆ ಸೋದರಮಾವ ಇಲ್ಲ. ಯಾಕೆ ಇಲ್ಲ ಅಂತ ನಿಮಗೆ ಗೊತ್ತುಂಟು ಅಂತ ಅವಳು ಹೇಳ್ತಾಳೆ. ಹಾಗಾಗಿ ನೀವೇ ಹೇಳಬೇಕಂತೆ. ಮೂರು ಸಲ. ಎಲ್ಲರಿಗೂ ಕೇಳುವ ಹಾಗೆ. ಹೇಳಿದ್ರೆ ಮಗು ನಿಮ್ಮ ಮಡಿಲಿಗೆ. ಮತ್ತೆ ಯಾವಾಗ ಬೇಕಾದ್ರೂ ಮನೆಗೆ ಬರಬಹುದು. ಹೇಳದಿದ್ರೆ ಇಲ್ಲ.'

'ಹೇಳ್ತೇನೆ. ಅದಕ್ಕೆಂತ? ಎಂತ ಹೆಸರು?'

ಮುಖೇಶ ಆಚೆ ಈಚೆ ನೋಡಿ ಹೇಳಿದ, 'ದೇಯಿ.'

ತುಕ್ರ ಬಗ್ಗಿ ಸುತ್ತಿಗೆಯನ್ನು ಮತ್ತೆ ಕೈಗೆತ್ತಿಕೊಂಡ. ಮುಖೇಶ ಗಾಬರಿಗೆ ತಾನೇ ಮಾತು ಮುಂದುವರಿಸಿದ. ಮನೆಯಲ್ಲಿ ಈ ಹೆಸರಿಗೆ ಎಷ್ಟು ರಾಮಾಯಣ ನಡೆಯುತ್ತಿದೆಯೆಂದು ಹೇಳಿಕೊಂಡು ನಕ್ಕ. ಅವನ ತಾಯಿಗೆ ಇದು ಓಬೀರಾಯನ ಕಾಲದ ಹೆಸರು, ಅದರಲ್ಲೂ ತಲೆ ಒಡೆದು ಸತ್ತವಳ ಹೆಸರು, ಮಗುವಿಗೆ ಶ್ರೇಯಸ್ಸಲ್ಲ. ದುಬೈಯಲ್ಲಿರುವ ತಂಗಿ ಮೋಕ್ಷಾಳಿಗೆ ಈ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಅಲ್ಲಿನವರು ನೂರು ಥರ ಓದುತ್ತಾರೆಂದು ಚಿಂತೆ. ಲಸಿಕೆಗೆ ಹೋದಲ್ಲಿ ನರ್ಸ್ ದೇವಿ ಎಂದು ಬರೆದಳಂತೆ. ಬೆಂಗಳೂರು ಕಡೆಯ ಡಾಕ್ಟರು ದೇಹಿ ಎಂದರಂತೆ. ದಿಯಾ ಅಂತ ಇಟ್ಟರೆ ಎಲ್ಲರಿಗೂ ಸುಲಭ ಎಂದು ಮೋಕ್ಷಾ ದಿನಾ ಮೆಸೇಜು ಹಾಕುತ್ತಾಳಂತೆ. ವಿನಿತಾ ಮಾತ್ರ ಜಪ್ಪಯ್ಯ ಎನ್ನುವುದಿಲ್ಲ. 'ಹೇಳ್ಲಿಕ್ಕೆ ಕಷ್ಟ ಅಂತ ಆದ್ರೆ ಕಲೀರಿ' ಎನ್ನುತ್ತಾಳಂತೆ.

ಅಳಿಯ ಹೋದ ಮೇಲೆ ತುಕ್ರ ಒಂದು ಹಳೆ ಸಿಟಿ ಬಸ್ಸಿನ ಬದಿಗೆ ಸುತ್ತಿಗೆ ಬೀಸಿದ. ಗ್ಯಾಸ್ ಕಟ್ಟರ್ ಬಂದು ಎಷ್ಟೋ ವರ್ಷವಾಗಿತ್ತು, ಅವನು ಅದನ್ನು ಮುಟ್ಟಿದವನಲ್ಲ. ಚಾಣ ಇಟ್ಟು ಬಡಿಯುವುದೇ ಅವನ ಕ್ರಮ. ಆ ಸದ್ದಿನಲ್ಲಿ ತನ್ನ ಸ್ವರ ತನಗೂ ಕೇಳಲಿಕ್ಕಿಲ್ಲ ಎಂಬ ಧೈರ್ಯದಲ್ಲಿ ಬಾಯಿ ತೆರೆದ. ಬಡಿದ, ತೆರೆದ. ಬಡಿದ, ತೆರೆದ. ತಗಡು ಹರಿಯಿತು, ರಿವೆಟ್ ಹಾರಿ ಹುಬ್ಬಿಗೆ ಬಡಿದು ರಕ್ತ ಬಂತು. ಹೆಸರು ಬರಲಿಲ್ಲ.

ಅಬೂಬಕ್ಕರ್ ಆಫೀಸಿನ ಬಾಗಿಲಿಂದ ನೋಡುತ್ತಿದ್ದರು. ಕರೆದು ಕೂರಿಸಿ, ಹುಬ್ಬಿಗೆ ಹತ್ತಿ ಕೊಟ್ಟು, ವಿಷಯ ಕೇಳಿ ಮೊದಲು ಜೋರಾಗಿ ನಕ್ಕರು. 'ನನ್ನ ಮೊಮ್ಮಗಳು ಝಹ್ರಾಳನ್ನು ನೀನು ನಾಲ್ಕು ವರ್ಷದಿಂದ ಜಾರ ಜಾರ ಅಂತ ಕರೀತಿ. ಅವಳ ತಾಯಿ ಜಸೀಲಾ ಎಷ್ಟು ಸಲ ತಿದ್ದಿದ್ಳು! ನಿನ್ನ ನಾಲಿಗೆ ಸುತ್ತಿಗೆಯ ಹಾಗೆಯೇ ಉಂಟು ನೋಡು.'

'ಅದು ನಾಲಿಗೆ ತಿರುಗದ್ದು ಸಾಹುಕಾರ್ರೆ. ಇದು ಹಾಗಲ್ಲ.'

'ಮತ್ತೆ ಎಂತ?'

'ಗೊತ್ತಿಲ್ಲ. ಹೇಳುವ ಅಂತ ಬಾಯಿ ತೆರೆದ್ರೆ ಏ ಅಂತಲೇ ಬರ್ತದೆ.'

ಅಬೂಬಕ್ಕರ್ ನಗು ನಿಲ್ಲಿಸಿದರು. ಮೂವತ್ತನಾಲ್ಕು ವರ್ಷ ಅವನಿಗೆ ಕೆಲಸ ಕೊಟ್ಟವರು, ಅವನ ಮನೆಯಲ್ಲಿ ನಡೆದದ್ದು ತಿಳಿಯದವರಲ್ಲ. ತಿಳಿದೂ ಸುಮ್ಮನಿದ್ದವರು. 'ಒಳ್ಳೆ ಹೆಸರು ತುಕ್ರ' ಎಂದರು ಕೊನೆಗೆ. 'ಆ ಹೆಂಗಸಿನ ಹೆಸರು ಭೂಮಿಯ ಮೇಲೆ ಉಳಿಯಲಿ. ನೀನು ಹೇಳಲೇಬೇಕು. ಮನೆಗೆ ಹೋಗಿ ಅವಳ ಫೋಟೋದ ಎದುರು ನಿಂತು ಹೇಳು. ಒಂದು ಸಲ ಬಂದ್ರೆ ಮತ್ತೆ ಬರ್ತದೆ.'

ಹದಿನಾಲ್ಕು ದಿನ ತುಕ್ರ ಫೋಟೋದ ಎದುರು ನಿಂತ. ಕೆಲಸ ಬಿಟ್ಟು ಬಂದವನೇ ಕೈಕಾಲು ತೊಳೆದು, ಮೈಮೇಲೆ ಶುದ್ಧ ಬಟ್ಟೆ ಹಾಕಿ ನಿಲ್ಲುತ್ತಿದ್ದ. ಆ ಕೂಸು ಅವನಿಗೆ ಬೇಕಿತ್ತು. ಇಷ್ಟು ಆಸೆ ಅವನು ಜೀವಮಾನದಲ್ಲಿ ಯಾವುದಕ್ಕೂ ಪಟ್ಟವನಲ್ಲ. ಮಡಿಲಲ್ಲಿ ಅದು ಎಷ್ಟು ಭಾರ ಇರಬಹುದು, ತನ್ನ ಹೆಬ್ಬೆರಳು ಹಿಡಿಯಬಹುದೇ, ತನ್ನನ್ನು ಅಜ್ಜ ಎನ್ನಬಹುದೇ ಎಂದು ಬಸ್ಸಿನಲ್ಲಿ ಕೂತಲ್ಲಿ ಯೋಚಿಸಿ ಇಳಿಯುವ ನಿಲ್ದಾಣ ತಪ್ಪಿಸಿಕೊಂಡಿದ್ದ. ಪೇಟೆಯಲ್ಲಿ ಒಂದು ಜೊತೆ ಬೆಳ್ಳಿಯ ಕಾಲ್ಗೆಜ್ಜೆ ತೆಗೆದುಕೊಂಡ. ತೂಕ ಸರಿಯಿಲ್ಲವೆಂದು ಅಂಗಡಿಯವನ ಕಾಲರ್ ಹಿಡಿಯಲು ಹೋಗಿ, ತನ್ನ ಕೈಯನ್ನು ತಾನೇ ಹಿಡಿದುಕೊಂಡು ಹೊರಗೆ ಬಂದ. ಅದು ಅವನ ಮಟ್ಟಿಗೆ ದೊಡ್ಡ ಸಾಧನೆ.

ಫೋಟೋದಲ್ಲಿ ದೇಯಿ ಎದುರು ನೋಡುತ್ತಿದ್ದಳು. ಫ್ಯಾಕ್ಟರಿಯ ಗುರುತಿನ ಚೀಟಿಗೆ ತೆಗೆಸಿದ ಫೋಟೋವನ್ನು ದೊಡ್ಡದು ಮಾಡಿಸಿದ್ದು. ಜೀವದಿಂದಿದ್ದಾಗ ಅವಳು ಹೀಗೆ ನೆಟ್ಟಗೆ ಅವನ ಮುಖ ನೋಡಿದವಳಲ್ಲ. ತುಕ್ರ ಬಾಯಿ ತೆರೆದರೆ 'ಏ' ಬಂತು. ಇನ್ನೊಮ್ಮೆ, 'ಏ'. ಹದಿಮೂರನೇ ದಿನ ಅವಳು ತನ್ನನ್ನು ನೋಡಿ ನಗುತ್ತಿದ್ದಾಳೆ ಎನಿಸಿತು. ಗೊತ್ತಾಗುವ ಮೊದಲೇ ಮುಷ್ಟಿ ಹೋಗಿತ್ತು. ಗಾಜು ಒಡೆದು ಮಾಲೆಯ ಜೊತೆ ಕೆಳಗೆ ಬಿತ್ತು. ಬೆರಳ ಗಂಟುಗಳಲ್ಲಿ ಚೂರು ಕೂತಿತು. ಸತ್ತವಳಿಗೂ ಹೊಡೆದ ಗಂಡ ಮಂಗಳೂರಿನಲ್ಲಿ ಬೇರೆ ಯಾರಾದರೂ ಇದ್ದಾನೋ ಇಲ್ಲವೋ. ತುಕ್ರ ಚೂರುಗಳ ನಡುವೆ ಕುಕ್ಕುರುಗಾಲಲ್ಲಿ ಕೂತು ಫೋಟೋ ಒರೆಸಿದ. ನಾಚಿಕೆಯಾಯಿತು. ಹೆದರಿಕೆಯೂ ಆಯಿತು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಅವನ ತಾಯಿ ಅವನ ಅಪ್ಪನನ್ನು ಕುರಿತು ಹೇಳುತ್ತಿದ್ದಳು.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಪಂಪ್‌ವೆಲ್‌ನ ಫ್ಲಾಟಿನ ಎರಡನೇ ಮಾಳಿಗೆ ಹತ್ತಿದ. ಬಿಳಿ ಪಂಚೆ, ಕೈಗೆ ಬಟ್ಟೆ ಸುತ್ತಿತ್ತು. ಮೂವತ್ತು ಜನ ಇರಬಹುದು. ಮುಖೇಶ ಕೈ ಹಿಡಿದು ಒಳಗೆ ಕರೆದು ಕುರ್ಚಿ ಕೊಟ್ಟ. ವಿನಿತಾ ಮಗುವನ್ನು ಮಡಿಲಲ್ಲಿಟ್ಟುಕೊಂಡು ಚಾಪೆಯ ಮೇಲೆ ಕೂತಿದ್ದಳು. ಅಪ್ಪನ ಮುಖ ನೋಡಿ, ಬಟ್ಟೆ ಸುತ್ತಿದ ಕೈ ನೋಡಿ, 'ಯಾರಿಗೆ ಹೊಡೆದದ್ದು?' ಎಂದು ಕೇಳಿದಳು. ಮೂರು ವರ್ಷದ ಮೇಲೆ ಆಡಿದ ಮೊದಲ ಮಾತು.

'ಗಾಜು ತಾಗಿದ್ದು' ಎಂದ.

ಮುಖೇಶನ ತಾಯಿಗೆ ಕೊನೆಯ ಗಳಿಗೆಯಲ್ಲೂ ಸಮಾಧಾನವಿರಲಿಲ್ಲ. 'ನೀನು ಹೇಳಿದ್ದಕ್ಕೆ ಎದುರು ಅಂತ ಅಲ್ಲ ವಿನಿತಾ' ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು, 'ಹೆಸರಿನೊಟ್ಟಿಗೆ ಹಣೆಬರಹವೂ ಬರ್ತದೆ ಅಂತ ಹೇಳ್ತಾರೆ. ಆ ಹೆಂಗಸು ಎಂತ ಸುಖ ಕಂಡಿದ್ದಾಳೆ ಅಂತ ಇದಕ್ಕೆ ಆ ಹೆಸರು?' ಮೇಜಿನ ಮೇಲೆ ಒರಗಿಸಿಟ್ಟ ಫೋನಿನೊಳಗಿಂದ ಮೋಕ್ಷಾ ಕೂಗಿದಳು, 'ಅತ್ತಿಗೆ, ಶಾಲೆಯಲ್ಲಿ ಮಕ್ಕಳು ತಮಾಷೆ ಮಾಡ್ತಾರೆ. ಈಗಲೂ ಟೈಮ್ ಉಂಟು. ದಿಯಾ!' ಮೂಲೆಯಲ್ಲಿ ಕೂತಿದ್ದ ಯಾರೋ ದೊಡ್ಡಪ್ಪ, ಹಿಂದಿನವರ ಹೆಸರು ಇಟ್ಟರೆ ಮನೆಗೆ ಬಲ ಎಂದರು. ಇನ್ನೊಬ್ಬಳು ಅದನ್ನು ದೀರ್ಘ ಎಳೆಯಬೇಕೋ ಮೊಟಕು ಮಾಡಬೇಕೋ ಎಂದು ಪಕ್ಕದವಳನ್ನು ಕೇಳಿದಳು.

'ಹೇಗೆ ಹೇಳುವುದು ಅಂತ ಈಗ ಅಪ್ಪ ಹೇಳಿಕೊಡ್ತಾರೆ' ಎಂದಳು ವಿನಿತಾ.

ತುಕ್ರ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ವಿನಿತಾ ಮಗುವನ್ನು ಅವನ ಮಡಿಲಿಗೆ ಇಟ್ಟಳು. ಬೆಕ್ಕಿನ ಮರಿಯಷ್ಟೇ ಭಾರ. ಸೊಂಟದಲ್ಲಿ ಕರಿದಾರ, ಕೈಯಲ್ಲಿ ಕರಿಬಳೆ. ಕಣ್ಣು ಬಿಟ್ಟು ಅವನನ್ನೇ ನೋಡಿತು. ಈಗ ಹೆಸರು ಬರುತ್ತದೆ ಎಂದುಕೊಂಡ. ಮುಖೇಶ ಕೊಟ್ಟ ವೀಳ್ಯದೆಲೆಯನ್ನು ಮಗುವಿನ ಕಿವಿಗೆ ಅಡ್ಡ ಹಿಡಿದು ಬಗ್ಗಿದ.

'ಏ' ಎಂದ.

ಯಾರೋ ಹೆಂಗಸು ಕಿಸಕ್ಕೆಂದಳು. ತುಕ್ರನ ಕುತ್ತಿಗೆ ಕೆಂಪಾಯಿತು. ಮತ್ತೆ ಬಗ್ಗಿದ. ಹಣೆಯ ಬೆವರು ಮಗುವಿನ ಕೆನ್ನೆಗೆ ಬಿತ್ತು. ಮಗು ಮುಖ ಸಿಂಡರಿಸಿತು. 'ಏ...' ಎಂದ.

'ಪಾಪ, ಆಗುವುದಿಲ್ಲ ಅವರಿಗೆ' ಎಂದರು ಮುಖೇಶನ ತಾಯಿ, ಗೆದ್ದವರ ಸ್ವರದಲ್ಲಿ. 'ಇತ್ತ ಕೊಡಿ, ನಾನೇ ಒಂದು ಒಳ್ಳೆ ಹೆಸರು ಹೇಳ್ತೇನೆ.'

'ಅತ್ತೆ, ಸುಮ್ಮನಿರಿ' ಎಂದಳು ವಿನಿತಾ. ಅಪ್ಪನ ಕಡೆ ತಿರುಗಿ, 'ಅಪ್ಪ, ಮೂವತ್ತು ವರ್ಷ ನಿಮಗೆ ಅನ್ನ ಬೇಯಿಸಿದವಳು. ಒಂದು ಸಲ ಹೇಳಿ. ನನಗೆ ಬೇರೆ ಎಂತದೂ ಬೇಡ' ಎಂದಳು. ಅವಳ ಸ್ವರ ಒಡೆದಿತ್ತು. ಅವಳು ಸೇಡಿಗೆಂದು ಕರೆದದ್ದಲ್ಲ. ಅವನು ಹೇಳಲಿ ಎಂದೇ ಅವಳಿಗೆ ಆಸೆಯಿತ್ತು, ಅಮ್ಮನ ಹೆಸರು ಆ ಬಾಯಿಯಿಂದ ಒಮ್ಮೆ ಮನುಷ್ಯರ ಹೆಸರಿನಂತೆ ಕೇಳಬೇಕೆಂದು.

ಮಗು ಅಳಲು ಸುರುಮಾಡಿತು. ತುಕ್ರ ಅದನ್ನು ಅಲ್ಲಾಡಿಸಿದ, ಅಳು ಜೋರಾಯಿತು. ಅವನ ಹಿಡಿತ ಬಿಗಿಯಾಗುತ್ತಿತ್ತು, ಅದು ಅವನಿಗೆ ಗೊತ್ತಾಗಲಿಲ್ಲ. ಎಲ್ಲರೂ ಅವನನ್ನೇ ನೋಡುತ್ತಿದ್ದರು, ಫೋನಿನೊಳಗಿನ ಮೋಕ್ಷಾ ಕೂಡ. 'ಮಗುವಿಗೆ ನೋವಾಗ್ತದೆ ಅಪ್ಪ, ಕೊಡಿ' ಎಂದಳು ವಿನಿತಾ. ಕೊಡಲಿಲ್ಲ. 'ಕೊಡಿ.' ಅವಳು ಅವನ ಬೆರಳು ಬಿಡಿಸಿ ಮಗುವನ್ನು ಎಳೆದುಕೊಂಡಳು.

ಮಡಿಲು ಖಾಲಿಯಾಯಿತು. ತುಕ್ರ ಎದ್ದು ನಿಂತ. ಮೂವತ್ತನಾಲ್ಕು ವರ್ಷ ಸುತ್ತಿಗೆ ಎತ್ತಿದ ಬಲಗೈ ತಲೆಯ ಮೇಲಕ್ಕೆ ಹೋಯಿತು. ಬಾಯಿ ತಾನಾಗಿ ತೆರೆಯಿತು.

'ದೇಯೀ!'

ಕಿಟಕಿಯ ಗಾಜು ನಡುಗುವಂಥ ಸ್ವರ. ವಿನಿತಾ ಮಗುವನ್ನು ಎದೆಗೆ ಒತ್ತಿಕೊಂಡು ಅದರ ಮೇಲೆ ಬಗ್ಗಿ ಬೆನ್ನು ಕೊಟ್ಟಳು. ದೇಯಿಯ ಹಾಗೆಯೇ ಬಗ್ಗಿದ ಆ ಬೆನ್ನನ್ನು ತುಕ್ರ ಗುರುತಿಸಿದ. ಗುರುತಿಸುವ ಹೊತ್ತಿಗೆ ಕೈ ಇಳಿದಾಗಿತ್ತು. ಏಟು ಬಿದ್ದ ಸದ್ದು ಕೋಣೆಯ ತುಂಬ ಕೇಳಿತು. ವಿನಿತಾ ಮೊಣಕಾಲಿನ ಮೇಲೆ ಮುಂದಕ್ಕೆ ಬಿದ್ದಳು, ಮಗುವನ್ನು ಮಾತ್ರ ನೆಲಕ್ಕೆ ತಾಗಿಸಲಿಲ್ಲ.

ಎಲ್ಲರೂ ಒಟ್ಟಿಗೆ ಎದ್ದರು. ಸಾಧು ಮುಖೇಶ ಮಾವನ ಮುಖಕ್ಕೆ ಗುದ್ದಿದ, ಇನ್ನಿಬ್ಬರು ತೋಳು ಹಿಡಿದು ತಿರುಚಿದರು, ಯಾರೋ ಹೊಟ್ಟೆಗೆ ಒದ್ದರು. ಕ್ರೇನಿಲ್ಲದೆ ಬಸ್ಸು ಎತ್ತಿದವನು ಒಂದು ಬೆರಳೂ ಎತ್ತಲಿಲ್ಲ. ತುಟಿ ಒಡೆದು ಬಿಳಿ ಪಂಚೆಯ ಮೇಲೆ ರಕ್ತ ಇಳಿಯಿತು.

'ಬಿಡಿ' ಎಂದಳು ವಿನಿತಾ. ಎದ್ದು ನಿಂತಿದ್ದಳು. ಮುಖ ಬಿಳಿಚಿತ್ತು, ಆದರೆ ಅಳುತ್ತಿರಲಿಲ್ಲ. ಅಳುತ್ತಿದ್ದ ಮಗುವನ್ನು ಭುಜಕ್ಕೆ ಹಾಕಿ ಬೆನ್ನು ನೇವರಿಸುತ್ತ ಅಪ್ಪನ ಹತ್ತಿರ ಬಂದಳು.

'ಅಮ್ಮನ ಹೆಸರು ನಿಮ್ಮ ಬಾಯಲ್ಲಿ ಹೇಗೆ ಬರ್ತದೆ ಅಂತ ನೋಡಬೇಕಿತ್ತು ನನಗೆ' ಎಂದಳು. 'ನೋಡಿದೆ. ಇನ್ನು ಎರಡು ಸಲ ಹೇಳುವುದು ಬೇಡ. ಉಳಿದದ್ದು ನಾನು ಹೇಳ್ತೇನೆ.'

ಮಗುವಿನ ಕಿವಿಗೆ ತುಟಿ ತಾಗಿಸಿ ಎರಡು ಸಲ ಮೆಲ್ಲಗೆ ಹೇಳಿದಳು. ಯಾರೂ ದಿಯಾ ಎನ್ನಲಿಲ್ಲ. ಮುಖೇಶನ ತಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದರು.

ತುಕ್ರನನ್ನು ಹೊರಗೆ ದಬ್ಬಿ ಬಾಗಿಲು ಹಾಕಿದರು. ಅವನು ಒಂದು ಮಾಳಿಗೆ ಇಳಿದು, ಮುಂದೆ ಇಳಿಯಲಾಗದೆ ಮೆಟ್ಟಿಲ ಮೇಲೆ ಕೂತ. ಕಾಲ್ಗೆಜ್ಜೆ ಇನ್ನೂ ಜೇಬಿನಲ್ಲಿತ್ತು. ಹೊರಗೆ ಫ್ಲೈಓವರಿನ ಮೇಲೆ ಬಸ್ಸುಗಳು ಹಾರನ್ ಹೊಡೆಯುತ್ತ ಹೋಗುತ್ತಿದ್ದವು. ರಕ್ತ ಉಗಿದು ಬಾಯಿ ಒರೆಸಿಕೊಂಡ.

'ದೇಯಿ' ಎಂದ. ಸಲೀಸಾಗಿ ಬಂತು. ದೇ ದೀರ್ಘ, ಯಿ ಹಗುರ, ಹೇಗೆ ಹೇಳಬೇಕೋ ಹಾಗೆಯೇ. 'ದೇಯಿ. ದೇಯಿ.' ಇಷ್ಟು ಸುಲಭದ ಹೆಸರು. ಈಗ ನಿಲ್ಲಿಸಲೇ ಆಗಲಿಲ್ಲ. ಮಕ್ಕಳು ಮಗ್ಗಿ ಬಾಯಿಪಾಠ ಮಾಡುವ ಹಾಗೆ ಹೇಳುತ್ತಲೇ ಕೂತ, ಮೂಗಿನಿಂದ ನೀರೂ ರಕ್ತವೂ ಇಳಿಯುತ್ತಿದ್ದವು.

ತರಕಾರಿ ಚೀಲ ಹಿಡಿದು ಮೇಲೆ ಬರುತ್ತಿದ್ದ ಹೆಂಗಸೊಬ್ಬಳು ನಿಂತಳು. ಆ ಕಟ್ಟಡದವಳೇ ಇರಬೇಕು, ಅವನ ಪರಿಚಯವಿಲ್ಲ. 'ಎಂತ ಆಯ್ತು ಅಜ್ಜ? ಬಿದ್ರಾ? ಯಾರನ್ನು ಕರೀತಿದ್ದೀರಿ?'

'ನನ್ನ ಹೆಂಡತಿಯನ್ನು.'

'ಎಲ್ಲಿದ್ದಾರೆ ಅವರು? ನಾನು ಕರೀಲಾ?'

ತುಕ್ರ ತಲೆಯೆತ್ತಿ ಅವಳನ್ನು ನೋಡಿದ. ಪೊಲೀಸಿನವಳ ಎದುರು, ಮಗಳ ಎದುರು, ಒಡೆದ ಫೋಟೋದ ಎದುರು ಹೇಳದೆ ಇದ್ದದ್ದು, ಹೆಸರು ಬಂದ ಮೇಲೆ ಅದರ ಹಿಂದೆಯೇ ಬಂತು.

'ದೇಯಿಯನ್ನು ನಾನು ಕೊಂದೆ' ಎಂದ.

ಆ ಹೆಂಗಸು ಚೀಲವನ್ನು ಎದೆಗೆ ಒತ್ತಿಕೊಂಡು, ಗೋಡೆಗೆ ಅಂಟಿಕೊಂಡು ಅವನನ್ನು ದಾಟಿ, ಬೇಗ ಬೇಗ ಮೆಟ್ಟಿಲು ಹತ್ತಿ ಹೋದಳು.